ಠಾಣೆಯಲ್ಲೇ ಉಳಿದ ಮಾವನ ಕೋವಿ

ಕಾಪುವಿನಲ್ಲಿ ಮೀನು ಮಾರುವ ಅಕ್ಕನಿಂದ ಹಿಡಿದು ಮಣಿಪಾಲದ ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರ ಸ್ವರವೂ ನನ್ನ ಗಂಟಲಲ್ಲಿದೆ. ನನ್ನದೊಂದು ಎಲ್ಲಿ ಬಿದ್ದಿತ್ತೋ, ನಾನು ಹುಡುಕಿರಲಿಲ್ಲ.

ಕುಕ್ಕುಂದೂರಿನ ನನ್ನ ಮಾವನಿಗೆ ಗದ್ದೆಗೆ ಬರುವ ಹಂದಿ ಓಡಿಸಲು ಲೈಸೆನ್ಸಿನ ಕೋವಿಯಿದೆ. ಚುನಾವಣೆ ಬಂದರೆ ಅದನ್ನು ಪೊಲೀಸ್ ಠಾಣೆಯಲ್ಲಿ ಡಿಪಾಸಿಟ್ ಮಾಡಬೇಕು. ಪ್ರತಿ ಸಲವೂ ಮಾವ ಸಿಡುಕುತ್ತಿದ್ದರು: "ಹಂದಿ ಬಂದ್ರೆ ಎಂತ ತೋರಿಸುವುದು, ವೋಟರ್ ಕಾರ್ಡಾ?" ಚುನಾವಣೆ ಮುಗಿದದ್ದೇ ರಸೀದಿ ಹಿಡಿದು ಠಾಣೆಗೆ ಓಡುತ್ತಿದ್ದರು. ಈ ಸಲ ಎರಡು ತಿಂಗಳಾದರೂ ಹೋಗಲಿಲ್ಲ.

ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ, ಕಡಿಯಾಳಿಯ ನಮ್ಮ ಮನೆಯಲ್ಲಿ ಊಟ ಮುಗಿದಿತ್ತು. ನಾನು ಎದ್ದು ನಿಂತೆ. ವೋಟರ್ ಕಾರ್ಡ್ ಹಿಡಿದು ಹಂದಿಯ ಹಿಂದೆ ಹೋಗುವ ಮಾವನ ಮಿಮಿಕ್ರಿ ಮಾಡಿದೆ. ಸ್ವರ ಮಾತ್ರ ಹಳೆಯ ಗುಡುಗಲ್ಲ. ಇತ್ತೀಚೆಗೆ ಅವರು ಆಡುತ್ತಿದ್ದ, ಪದದ ಕೊನೆ ನುಂಗಿ ಹೋಗುವ ಮೆಲುದನಿ. "ಹಂದಿಯವರೇ... ದಯವಿಟ್ಟು... ಹೋಗ್ತೀರಾ..." ಮನೆಯಿಡೀ ನಗು. ಮಾವನೂ ನಕ್ಕರು. ಉತ್ಸಾಹ ಹೆಚ್ಚಾಗಿ, "ಠಾಣೆಗೆ ಹೋಗ್ಲಿಕ್ಕೆ ಧೈರ್ಯ ಬೇಕಲ್ವಾ ಮಾವ!" ಎಂದೂ ಸೇರಿಸಿದೆ.

ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು.

"ತಾನು ಇಲ್ಲದಿದ್ರೇ ಎಲ್ಲರಿಗೂ ಒಳ್ಳೆಯದು ಅಂತ ಹೇಳ್ತಿದ್ದಾರೆ ಮಾರಾಯ, ಮೂರು ತಿಂಗಳಿಂದ. ಕೋವಿ ಮನೆಗೆ ಬರುವುದು ಬೇಡ ಅಂತ ರಸೀದಿ ನಾನೇ ಅಡಗಿಸಿಟ್ಟದ್ದು. ಈಗ ನಿನ್ನ ಮಾತು ಕೇಳಿ, ನಾಳೆಯೇ ತರ್ತೇನೆ, ರಸೀದಿ ಕೊಡು ಅಂತಿದ್ದಾರೆ."

ಆ ದನಿಯ ಪ್ರತಿ ಎಳೆಯನ್ನೂ ನಾನು ಹಿಡಿದಿದ್ದೆ. ಅದು ಯಾಕೆ ಹಾಗಾಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ. ಮುಖ ತೊಳೆದರೂ ಬಿಸಿ ಇಳಿಯಲಿಲ್ಲ.

ಮಾವ ಜಗಲಿಯಲ್ಲಿ ಒಬ್ಬರೇ ಇದ್ದರು. ಯಾರದಾದರೂ ಸ್ವರ ಸಿಗುತ್ತದೋ ಎಂದು ತಡಕಾಡಿದೆ, ಒಂದೂ ಬರಲಿಲ್ಲ.

"ಮಾವ, ಸಾಯಬೇಕು ಅಂತ ಅನಿಸ್ತದಾ ನಿಮಗೆ?"

ಮಾವ ನನ್ನ ಕಡೆ ತಿರುಗಿದರು. "ಇದು ಯಾರ ಸ್ವರ ಅಳಿಯ?"

"ನನ್ನದೇ."

"ಅನಿಸ್ತದೆ," ಎಂದರು. "ಕೆಲವು ದಿನ ತುಂಬಾ."

"ತಪ್ಪಾಯ್ತು ಮಾವ" ಎನ್ನುವಷ್ಟರಲ್ಲಿ ನನ್ನ ದನಿಯೂ ಪದದ ಕೊನೆಗೆ ಹೂತುಹೋಯಿತು. ಅಣಕವಾಗಿರಲಿಲ್ಲ ಅದು.

ಮರುದಿನ ಮೂವರೂ ಮಣಿಪಾಲದ ಡಾಕ್ಟರರ ಬಳಿಗೆ ಹೋದೆವು. ಬರುವಾಗ ಠಾಣೆಯಲ್ಲಿ, ಕೋವಿ ಸದ್ಯ ಅಲ್ಲೇ ಇರಲಿ ಎಂದು ಅರ್ಜಿ ಬರೆದುಕೊಟ್ಟೆವು. "ಹಂದಿಗೆ ಎಂತ ಮಾಡ್ತೀರಿ?" ಎಂದರು ಪೊಲೀಸರು.

"ಪಟಾಕಿ ಉಂಟು," ಎಂದರು ಮಾವ. "ಅದೂ ಸಾಲದಿದ್ರೆ ಇವನನ್ನು ಕೂಗಿಸ್ತೇನೆ." ಠಾಣೆಯಲ್ಲಿ ಕೊಟ್ಟ ಹೊಸ ರಸೀದಿಯನ್ನು ಅತ್ತೆಯ ಕೈಗೇ ಕೊಟ್ಟರು.

ನೆಂಟರು ಸೇರಿದಾಗ ಇನ್ನೂ ಕೇಳುತ್ತಾರೆ, "ಆ ಹಂದಿಯದ್ದು ಒಮ್ಮೆ ಮಾಡು ಮಾರಾಯ." ಮರೆತುಹೋಗಿದೆ ಎನ್ನುತ್ತೇನೆ. ಮರೆತಿಲ್ಲ, ಆ ದನಿ ಇವತ್ತಿಗೂ ಹಾಗೆಯೇ ಬರುತ್ತದೆ.