ಮುನಿಯಣ್ಣನ ಮೂರು ಚುಕ್ಕೆ

ನಾಯಂಡಹಳ್ಳಿಯಲ್ಲಿ ಮುನಿಯಣ್ಣನ ಟಿಂಕರಿಂಗ್ ಶೆಡ್ಡಿಗೂ ನನ್ನ ಪೇಂಟಿಂಗ್ ಶೆಡ್ಡಿಗೂ ನಡುವೆ ಒಂದೇ ತಗಡಿನ ಗೋಡೆ. ಅವನು ಸುತ್ತಿಗೆ ಎತ್ತಿದರೆ ನನ್ನ ಟೀ ಲೋಟ ಅಲುಗುತ್ತದೆ. ಮೂವತ್ತು ವರ್ಷದಿಂದ ಅವನು ನೆಗ್ಗು ತೆಗೆಯುವುದು, ನಾನು ಬಣ್ಣ ಹೊಡೆಯುವುದು. ಅವರಪ್ಪ ರಾಗಿ ಬೆಳೆದ ಹೊಲದ ಮೇಲೇ ಈ ಶೆಡ್ಡುಗಳು ನಿಂತಿವೆ. ಬಾಡಿಗೆ ತಿಂದುಕೊಂಡು ಕಾಲು ಚಾಚಿ ಕೂರಬಹುದಿತ್ತು, ಆದರೆ ತಗಡು ಮುಟ್ಟದ ದಿನ ಅವನಿಗೆ ಊಟ ಸೇರುವುದಿಲ್ಲ.

ನೆಗ್ಗು ತೆಗೆದ ಮೇಲೆ, ಮೇಲ್ಮೈ ಸಮ ಮಾಡುವ ಪಟ್ಟಿ ಲೇಪ ಮೆತ್ತುವ ಮುನ್ನ, ಬರಿ ತಗಡಿನ ಮೇಲೆ ಪಂಚಿನಿಂದ ಮೂರು ಚುಕ್ಕೆ ಹೊಡೆಯುತ್ತಿದ್ದ. ಅದು ಅವನ ರುಜು. "ನಾನ್ ತೆಗೆದ ನೆಗ್ಗು ವಾಪಸ್ ಬರಲ್ಲ ಕಣೋ" ಎನ್ನುವುದು ಅವನ ಜಂಬ. ಏಟು ಹೇಗೆ ಬಿತ್ತು ಎಂದು ಗಿರಾಕಿಯನ್ನು ಯಾವತ್ತೂ ಕೇಳುತ್ತಿರಲಿಲ್ಲ. ನಮ್ಮ ಕಸುಬಿನವರು ಯಾರೂ ಕೇಳುವುದಿಲ್ಲ, ಅದನ್ನೇ ಮರ್ಯಾದೆ ಎಂದುಕೊಂಡಿದ್ದೇವೆ.

ಅವನ ತಂಗಿ ಯಶೋದಮ್ಮ ದಿನಾ ಒಂದು ಗಂಟೆಗೆ ಅವನಿಗೆ ಊಟ ತರುತ್ತಾಳೆ. ಅವಳ ಗಂಡ ಲಿಂಗಪ್ಪ ತೊಂಬತ್ತೆಂಟರಲ್ಲಿ ಕೆಂಗೇರಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದಾಗ ಯಾವುದೋ ಗಾಡಿ ಗುದ್ದಿ ಸತ್ತ. ಗಾಡಿ ಸಿಗಲೇ ಇಲ್ಲ. ಅವನ ಊಟದ ಡಬ್ಬಿ ಮಾತ್ರ ಮುಚ್ಚಳವಿಲ್ಲದೆ ಮನೆಗೆ ಬಂತು. ಇವತ್ತಿಗೂ ಅದೇ ಡಬ್ಬಿ, ಮೇಲೊಂದು ತಟ್ಟೆ ಮುಚ್ಚಿ ತರುತ್ತಾಳೆ. ಹೊಸದು ತಗೋ ಎಂದು ನಾನೇ ಎಷ್ಟೋ ಸಲ ಬೈದಿದ್ದೇನೆ.

ಹೋದ ಬೇಸಿಗೆಯಲ್ಲಿ ಅನ್ನಪೂರ್ಣೇಶ್ವರಿ ನಗರದ ನಾಗೇಂದ್ರ ಎಂಬಾತ ತೀರಿಹೋದ ತನ್ನ ತಂದೆಯ ಹಳೆಯ ಫೋರ್‌ವೀಲ್ ಜೀಪನ್ನು ಲಾರಿಯಲ್ಲಿ ಹೇರಿಕೊಂಡು ಬಂದ. ಪೂರ್ತಿ ಹೊಸದಾಗಿ ಕಟ್ಟಬೇಕಿತ್ತು. "ಅಪ್ಪ ಇದನ್ನ ಇದ್ದಕ್ಕಿದ್ದಂಗೆ ಶೆಡ್ಡಲ್ಲಿ ನಿಲ್ಲಿಸಿಬಿಟ್ರು ಸಾರ್. ಆಮೇಲೆ ಮುಟ್ಟಲೇ ಇಲ್ಲ" ಎಂದ. ಇಂಜಿನ್ ರಿಪೇರಿಗೆ ಗೋವಿಂದರಾಜನಗರಕ್ಕೆ ಹೋಯಿತು, ತುಕ್ಕು ತಿಂದ ಫ್ಲೋರನ್ನು ಮುನಿಯಣ್ಣ ಕತ್ತರಿಸಿ ಹೊಸದು ಕೂರಿಸಿದ. ಎಡಗಡೆ ಮಡ್‌ಗಾರ್ಡಿನ ಬಣ್ಣ ಕೆರೆದಾಗ ದಪ್ಪನೆಯ ಪಟ್ಟಿ ಉದುರಿತು. ಕೆಳಗೆ ಅರ್ಧಂಬರ್ಧ ತೆಗೆದ ಹಳೆಯ ನೆಗ್ಗು, ಅದರ ಪಕ್ಕ ಮೂರು ಚುಕ್ಕೆ.

"ನನ್ ಕೆಲಸಾನೇ. ಯಾವಾಗ ಮಾಡ್ದೆ ಅಂತ ನೆನಪಿಲ್ಲ" ಎಂದ. ಮುಖ ಸಪ್ಪಗಾಗಿತ್ತು. ಮತ್ತೆ ಹೊರಗಿನಿಂದಲೇ ಎಳೆದು ಬಡಿದು ಕನ್ನಡಿಯಂತೆ ಮಾಡಿದ, ನಾನು ಕಡುಹಸಿರು ಹೊಡೆದೆ. ಮಾರನೆಯ ದಿನ ಊಟದ ಹೊತ್ತಿಗೆ ಸ್ವಲ್ಪ ಮುಂಚೆ 'ಟಪ್' ಎಂದಿತು. ನೆಗ್ಗು ವಾಪಸ್ ಬಂದಿತ್ತು. ಬಿಸಿಲಿಗೆ ತಗಡು ಹಿಗ್ಗಿದೆ ಎಂದುಕೊಂಡೆವು. ಬಡಿದ, ಹೊಡೆದೆ. ಮತ್ತೆ ಅದೇ ಹೊತ್ತಿಗೆ ಟಪ್. ಮೂರನೆಯ ಸಲ ಬೆಳಗಿನಿಂದ ಮೋಡ, ಮಳೆ. ಗಾಡಿ ತಣ್ಣಗಿತ್ತು. ಒಂದಕ್ಕೆ ಐದು ನಿಮಿಷವಿದೆ ಎನ್ನುವಾಗ ಟಪ್ ಎಂದಿತು, ಹಿಂದೆಯೇ ಯಶೋದಮ್ಮನ ಚಪ್ಪಲಿ ಸದ್ದು ಕೇಳಿಸಿತು. ನನಗೆ ನಿಜವಾಗಿ ಭಯವಾಯಿತು. ಆ ಸದ್ದು ಅವಳು ಬರುವುದನ್ನು ಅರಿತೇ ಬರುತ್ತಿದೆ ಅನಿಸಿತು.

"ನಾಲ್ಕನೇ ಸಲ ಬಣ್ಣ ಹೊಡೆಯೋಕೆ ನಾನೇನು ಹುಚ್ಚನಾ? ಒಳತಗಡು ಬಿಚ್ಚು!" ಎಂದು ಮರುದಿನ ರೇಗಿದೆ. ಕೆಸರು ತಡೆಯಲೆಂದು ಮಡ್‌ಗಾರ್ಡಿನ ಒಳಗೆ ಇನ್ನೊಂದು ತಗಡು ರಿವೆಟ್ ಮಾಡಿರುತ್ತಾರೆ. ಸರಿಯಾದ ಕೆಲಸವೆಂದರೆ ಅದನ್ನು ಬಿಚ್ಚಿ ಹಿಂದಿನಿಂದ ಬಡಿಯಬೇಕು. ಆದರೆ ಅದನ್ನು ಯಾರೂ ಯಾವತ್ತೂ ಬಿಚ್ಚಿರಲಿಲ್ಲ. ರಿವೆಟ್ಟುಗಳು ಕಂಪನಿಯವೇ ಆಗಿದ್ದವು, ಮುಂದಿನ ಅಂಚು ಮಾತ್ರ ಹಳೆಯ ಏಟಿಗೆ ನಾಲ್ಕು ಬೆರಳು ಬಾಯಿ ಬಿಟ್ಟಿತ್ತು. ಮುನಿಯಣ್ಣ ಒಂದೊಂದಾಗಿ ಕತ್ತರಿಸಿದ. ಎರಡು ತಗಡುಗಳ ನಡುವಿನಿಂದ ಒಣಮಣ್ಣಿನ ಜೊತೆ ಸ್ಟೀಲಿನ ಮುಚ್ಚಳವೊಂದು ಅವನ ಕಾಲ ಬಳಿ ಬಿತ್ತು.

ಅಂಗೈಯಿಂದ ಒರೆಸಿದ. ಮದುವೆ ಪಾತ್ರೆಗಳ ಮೇಲೆ ಕೆತ್ತಿಸುವ ಹಾಗೆ ಚುಕ್ಕೆ ಚುಕ್ಕೆಯಲ್ಲಿ ಹೆಸರಿತ್ತು: ಯಶೋದ ಲಿಂಗಪ್ಪ.

ಅವನು ಕೂತುಬಿಟ್ಟ. "ಆವತ್ತು ಬೆಳಿಗ್ಗೆ ಬಂದಿದ್ದು ಈ ಗಾಡಿನೇ ಕಣೋ. ಲಿಂಗಪ್ಪ ಭಾವ ರಾತ್ರಿ ಮನೆಗೆ ಬಂದಿರ್ಲಿಲ್ಲ. ಹುಡುಕೋಕೆ ಹೋಗ್ಬೇಕು ಅಂತ ಅರ್ಜೆಂಟಲ್ಲಿದ್ದೆ. ಬಿಚ್ಚಲಿಲ್ಲ. ಹೊರಗಿನಿಂದ್ಲೇ ಎಳೆದು, ಪಟ್ಟಿ ಮೆತ್ತಿ ಕಳಿಸ್ಬಿಟ್ಟೆ. ಆಮೇಲೆ ಭಾವನ್ನ ಹುಡುಕೋಕೆ ಹೋದೆ."

ಬಚ್ಚಿಟ್ಟುಬಿಡು ಎಂದೆ. ಹಾಗೆ ಹೇಳಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಒಂದು ಗಂಟೆಯಾಯಿತು.

ಯಶೋದಮ್ಮ ಬಂದು ಡಬ್ಬಿ ಇಟ್ಟು, ಮೇಲಿನ ತಟ್ಟೆ ತೆಗೆದಳು. ಮುನಿಯಣ್ಣ ಮುಚ್ಚಳವನ್ನು ಡಬ್ಬಿಯ ಮೇಲಿಟ್ಟು ಒತ್ತಿದ. ಟಪ್ ಎಂದು ಕೂತಿತು. ಇಷ್ಟು ದಿನ ನಾವು ಕೇಳಿದ್ದು ಅದೇ ಸದ್ದು.

ಅವಳು ಹೆಸರಿನ ಮೇಲೆ ಬೆರಳಾಡಿಸಿದಳು.

"ಎಲ್ಲಿತ್ತಣ್ಣ?"

"ನನ್ ಕೈ ಕೆಳಗೇ ಇತ್ತಮ್ಮ. ನಾನೇ ಮುಚ್ಚಿದ್ದೆ" ಎಂದು ಎಲ್ಲವನ್ನೂ ಹೇಳಿದ.

ಅವಳು ಹೋಗಿ ಮಡ್‌ಗಾರ್ಡಿನ ನೆಗ್ಗಿನ ಮೇಲೆ ಅಂಗೈ ಇಟ್ಟಳು. "ಇದನ್ನ ಇನ್ನು ತೆಗೀಬೇಡ" ಎಂದಳು.

ವಿಷಯ ತಿಳಿದ ನಾಗೇಂದ್ರ ತಲೆ ಎತ್ತಲಿಲ್ಲ, ಗಾಡಿ ಒಯ್ಯಲೂ ಇಲ್ಲ. ನೆಗ್ಗು ಇದ್ದ ಹಾಗೆಯೇ ಅದರ ಮೇಲೆ ಬಣ್ಣ ಹೊಡೆದೆ. ಅಲ್ಲಿಂದೀಚೆಗೆ ಅದು ಸದ್ದು ಮಾಡಿಲ್ಲ. ಮುನಿಯಣ್ಣ ಈಗಲೂ ತಗಡು ಬಡಿಯುತ್ತಾನೆ, ಚುಕ್ಕೆ ಹೊಡೆಯುವುದನ್ನು ಬಿಟ್ಟಿದ್ದಾನೆ. ಗಾಡಿ ಬಂದ ಕೂಡಲೇ ಸುತ್ತಿಗೆ ಕೆಳಗಿಟ್ಟು ಮೊದಲು ಕೇಳುತ್ತಾನೆ: "ಯಾರಿಗೆ ಗುದ್ದಿದ್ರಿ?"