ಒದಿಸಿಕೊಳ್ಳುವ ಮೊದಲು ನುಂಗಿದ ಗುಳಿಗೆ

ನಗಬೇಡಿ, ಎಪ್ಪತ್ತರ ದಶಕದಲ್ಲಿ ಊರ ಜನ ನನ್ನ ಕೈಲಿ, ಅಲ್ಲ, ನನ್ನ ಕಾಲಲ್ಲಿ ಒದಿಸಿಕೊಳ್ಳಲು ಬರುತ್ತಿದ್ದರು. ನಮ್ಮದು ಇಂಡಿ ತಾಲೂಕಿನ ಅಗರಖೇಡ. ನಾನು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಬಂದಿತ್ತಂತೆ. ಅಂಥವರಿಗೆ ನಮ್ಮ ಕಡೆ ಪಾಯಾಳು ಅನ್ನುತ್ತಾರೆ. ಪಾಯಾಳು ಎಡಗಾಲಿನಿಂದ ಒದ್ದರೆ ಹಿಡಿದ ಟೊಂಕ ಬಿಡುತ್ತದೆ ಎಂದು ನಂಬಿಕೆ. ಸಿಂದಗಿ ತಾಲೂಕಿನ ದೇವಣಗಾಂವದಿಂದಲೂ ಗಡ್ಡದ ಗಂಡಸರು ಬಂದು ನಮ್ಮ ಅಂಗಳದಲ್ಲಿ ಬೋರಲು ಮಲಗುತ್ತಿದ್ದರು. ನಾನಿನ್ನೂ ಸಾಲಿಗೆ ಹೋಗುವ ಹುಡುಗಿ. ಒದ್ದು, ಮುಖ ತೊಳೆದು, ಪಾಟಿ ಹಿಡಿದು ಹೋಗುತ್ತಿದ್ದೆ.

ಅದೇ ಜನ ಪಾಯಾಳುವಿನ ಮೇಲೆ ಸಿಡಿಲು ಬೀಳುತ್ತದೆ ಎಂದೂ ಹೇಳುತ್ತಿದ್ದರು. ಮೋಡ ಕವಿದರೆ ಆಯಿ, ಅಂದರೆ ಅಪ್ಪನ ತಾಯಿ, ನನ್ನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಿದ್ದಳು. ಹಾಗಾಗಿ ನನ್ನ ಕಾಲಿನಲ್ಲಿ ಏನೋ ಇದೆ ಅಂತ ನನಗೂ ಗಟ್ಟಿಯಾಗಿತ್ತು. ಅದು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಒಂದು ವರ್ಷ ಅವ್ವನ ಟೊಂಕವೇ ಹಿಡಿಯಿತು. ಹೊಳೆಯಿಂದ ನೀರಿನ ಕೊಡ ಎತ್ತುವಾಗ ಬೆನ್ನಿನಲ್ಲಿ ಏನೋ ಕಟ್ ಅಂದಿತಂತೆ, ಅಲ್ಲೇ ಕೂತುಬಿಟ್ಟಳು. ಉಪ್ಪು ಹುರಿದು ಗಂಟು ಕಟ್ಟಿ ಕಾಸಿದ್ದಾಯಿತು. ಔಡಲ ಎಣ್ಣೆ ತಿಕ್ಕಿ, ಎಕ್ಕೆ ಎಲೆ ಬಿಸಿ ಮಾಡಿ ಕಟ್ಟಿದ್ದೂ ಆಯಿತು. ಎಲೆ ಬಿಸಿ ಇರುವ ತನಕ ಹಾಯ್ ಅನ್ನುತ್ತಿದ್ದಳು, ಆರಿದರೆ ಮತ್ತೆ ಅದೇ ನರಳಾಟ. ಅಪ್ಪ ಇಂಡಿಯ ಡಾಕ್ಟರ ಹತ್ತಿರ ಕರೆದೊಯ್ದ. ಸ್ನಾಯು ಬಾತಿದೆ, ಬಾವು ಇಳಿಯಲಿ ಎಂದು ಡಾಕ್ಟರು ಕೆಂಪು ಗುಳಿಗೆ ಕೊಟ್ಟರು. ಹೊಟ್ಟೆ ತುಂಬ ಉಂಡ ಮೇಲೆಯೇ ನುಂಗಬೇಕು ಎಂದು ಎರಡೆರಡು ಸಲ ಹೇಳಿದರು. ಅಪ್ಪ ಮನೆಗೆ ಬಂದು ಅದನ್ನೇ ಹೇಳಿದ.

ಗುಳಿಗೆಯೂ ಇರಲಿ, ಮನೆಯಲ್ಲೇ ಪಾಯಾಳು ಇರುವಾಗ ಒದೆತವೂ ಇರಲಿ ಎಂದಳು ಆಯಿ. ಆದರೆ ಒದಿಸಿಕೊಳ್ಳುವವರು ಸೂರ್ಯ ಹುಟ್ಟುವ ಮೊದಲು, ಏನೂ ಉಣ್ಣದೆ ಮಲಗಬೇಕು. ಬೆಳಗ್ಗೆ ಅವ್ವನ ಬೆನ್ನು ಹಲಗೆಯಂತಾಗಿರುತ್ತಿತ್ತು. ಗುಳಿಗೆ ನುಂಗದೆ ಅಂಗಳದ ತನಕ ಬರುವುದೇ ಆಗುತ್ತಿರಲಿಲ್ಲ. ಉಣ್ಣದೆ ನುಂಗುವುದು ಹೇಗೆ ಅಂದರೆ ಆಯಿ ತೀರ್ಪು ಕೊಟ್ಟಳು.

"ಗುಳಿಗಿ ಅಂದ್ರ ಉಣ್ಣೂದಲ್ಲ, ಅದು ಔಷಧ. ನುಂಗಿ ಬಾ."

ಅಪ್ಪ ಆ ಹೊತ್ತಿಗೆ ಹೊಲಕ್ಕೆ ಹೋಗಿರುತ್ತಿದ್ದ, ಅವನಿಗೆ ಇದು ಗೊತ್ತಾಗಲೇ ಇಲ್ಲ. ದಿನಾ ಅವ್ವ ಬರಿ ಹೊಟ್ಟೆಗೆ ಗುಳಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಂತು, ಬಂದು ಮಲಗುತ್ತಿದ್ದಳು. ಹೆತ್ತ ತಾಯಿಗೆ ಕಾಲು ತಾಗಿಸುವುದು ಪಾಪ. ನಾನು ಮೊದಲೇ ಅವಳ ಪಾದ ಮುಟ್ಟಿ, ಆಮೇಲೆ ಮೆಲ್ಲಗೆ ಕಾಲಿಡುತ್ತಿದ್ದೆ.

"ಇರಿವಿ ಹರದಂಗ ಆಗಾಕತ್ತೈತಿ, ಜ್ವಾರ ಒದಿ," ಅನ್ನುತ್ತಿದ್ದಳು. "ನಾಳಿ ಗಂಡಗ ಹಿಂಗ ಮೆತ್ತಗ ಒದ್ದಿ ಅಂದ್ರ ಅವ ನಿನ್ನ ಮಾತ ಕೇಳೂದಿಲ್ಲ."

ಟೊಂಕ ತುಸು ಸಡಿಲಾಯಿತು. ನನ್ನ ಕಾಲಿನ ಗುಣ ಎಂದು ಆಯಿ ಓಣಿಯೆಲ್ಲ ಹೇಳಿ ಬಂದಳು. ಹೊಟ್ಟೆ ಉರಿಯುತ್ತದೆ ಎಂದು ಅವ್ವ ಹೇಳತೊಡಗಿದಾಗ ಆಯಿ ಜೀರಿಗೆ ಹಾಕಿ ಮಜ್ಜಿಗೆ ಕೊಟ್ಟಳು. ಒಂದು ಬೆಳಗ್ಗೆ ಬೇಗ ಗುಣವಾಗಲಿ ಎಂದು ನಾನೇ ಜೋರಾಗಿ ಒದ್ದೆ. ಅವ್ವ ಎದ್ದಳು, ಹಿತ್ತಲಿಗೆ ಹೋದಳು, ಬೇಲಿ ಹಿಡಿದು ವಾಂತಿ ಮಾಡಿದಳು. ಹಿಂದೆಯೇ ಓಡಿ ಹೋಗಿ ನೋಡಿದೆ. ಸೋಸಿ ಎಸೆದ ಚಹಾಪುಡಿಯಂತೆ ಕಪ್ಪಗೆ ಇತ್ತು, ನಡುನಡುವೆ ಕೆಂಪು. ಅವ್ವನ ತುಟಿ ಬಿಳುಚಿತ್ತು. ಅವಳ ಒಳಗೆ ಏನೋ ಒಡೆದಿದೆ, ಒಡೆದದ್ದು ನನ್ನ ಕಾಲು. ನನಗೆ ಬೇರೆ ಯಾವ ವಿಚಾರವೂ ಬರಲಿಲ್ಲ.

ಅಪ್ಪನನ್ನು ಹೊಲದಿಂದ ಕರೆಸಿದರು. ಯಾರದೋ ಟ್ರ್ಯಾಕ್ಟರಿನಲ್ಲಿ ಹಾಸಿಗೆ ಹಾಸಿ ಇಂಡಿಗೆ ಹೊರಟೆವು. ದಾರಿಯುದ್ದಕ್ಕೂ ನಾನು ಎಡಗಾಲನ್ನು ಮಡಚಿ ಅದರ ಮೇಲೆ ಕೂತಿದ್ದೆ, ಅದು ಅವ್ವನಿಗೆ ತಾಗಬಾರದು ಅಂತ. ಟ್ರ್ಯಾಕ್ಟರು ಕುಣಿದಾಗೆಲ್ಲ ಅವಳ ಕಣ್ಣು ಮೇಲಾಗುತ್ತಿತ್ತು. ಅಪ್ಪ ಅವಳ ಕೆನ್ನೆ ತಟ್ಟುತ್ತಿದ್ದ.

ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿದರು. ಗುಳಿಗೆ ಯಾವಾಗ ತೆಗೆದುಕೊಳ್ಳುತ್ತಿದ್ದಳು ಎಂದು ಕೇಳಿದರು. ಊಟದ ಮೇಲೆಯೇ ಎಂದು ಅಪ್ಪ ಖಾತ್ರಿಯಾಗಿ ಹೇಳಿದ. ಅವ್ವನಿಗೆ ಮಾತಾಡುವ ತ್ರಾಣವಿರಲಿಲ್ಲ. ನಿಜ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಅದನ್ನು ಹೇಳಿದರೆ ಒದ್ದದ್ದನ್ನೂ ಹೇಳಬೇಕು. ತಾಯಿಯನ್ನು ಒದ್ದು ಕೊಂದವಳು ಎಂದು ಪೊಲೀಸರು ಹಿಡಿದೊಯ್ಯುತ್ತಾರೆ ಎಂದೇ ನನ್ನ ಲೆಕ್ಕ.

"ಉಂಡಿಲ್ರಿ," ಅಂದೆ. "ಬರೇ ಹೊಟ್ಟಿಲೆ ನುಂಗತಿದ್ಲು. ಆಮ್ಯಾಲ ನಾ ಒದೀತಿದ್ದೆ. ಇವತ್ತ ಜ್ವಾರ ಒದ್ದೇನ್ರಿ."

ಅಪ್ಪ ನನ್ನ ಕಡೆ ತಿರುಗಿದ. ಡಾಕ್ಟರು ಅವನನ್ನು ಕೈಯಿಂದಲೇ ತಡೆದರು.

"ನಿನ್ನ ಕಾಲಿಂದ ಏನೂ ಆಗಿಲ್ಲವ್ವಾ. ಗುಳಿಗಿ ಹೊಟ್ಟ್ಯಾಗ ಹುಣ್ಣ ಮಾಡೇತಿ. ರಕ್ತ ನಿಂತ್ರ ಉಳೀತಾಳ."

ನಿಂತರೆ ಅಂದರು. ನಿಲ್ಲುತ್ತದೆ ಅನ್ನಲಿಲ್ಲ. ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿ ತಣ್ಣೀರು ಬಿಟ್ಟು, ಆ ನೀರನ್ನು ಮಂಚದ ಕೆಳಗಿನ ಬಟ್ಟಲಿಗೆ ಹೊರಗೆಳೆದರು. ಕೈಗೆ ಸಲಾಯಿನ್ ಹಚ್ಚಿದರು. ನಾನು ಬಾಗಿಲ ಸಂದಿಯಿಂದ ಆ ಬಟ್ಟಲನ್ನೇ ನೋಡುತ್ತಿದ್ದೆ. ಅದರೊಳಗೆ ಬೀಳುವ ನೀರು ಮೊದಲು ಕಪ್ಪು, ಆಮೇಲೆ ಕಂದು. ಮಧ್ಯಾಹ್ನ ಮತ್ತೆ ಕೆಂಪಾಯಿತು. ಆಗ ನರ್ಸಮ್ಮ ಬಾಗಿಲು ಮುಚ್ಚಿದಳು. ಹೊರಗೆ ಅಪ್ಪ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಬೈದಿದ್ದರೆ ಚೆನ್ನಾಗಿತ್ತು. ಸಂಜೆ ಬಾಗಿಲು ತೆರೆದಾಗ ಬಟ್ಟಲಿನಲ್ಲಿ ಅಕ್ಕಿ ತೊಳೆದ ನೀರಿನಂಥ ಬಣ್ಣವಿತ್ತು.

ಅವ್ವ ಉಳಿದಳು. ಆ ಗುಳಿಗೆಯನ್ನು ಇನ್ನು ಮುಟ್ಟಲೇಬಾರದು ಎಂದು ಹೇಳಿ ಕಳಿಸಿದರು. ಟೊಂಕದ ನೋವಿಗೆ ಮತ್ತೆ ಉಪ್ಪಿನ ಗಂಟೇ ಗತಿಯಾಯಿತು. ಒದಿಸಿಕೊಳ್ಳಲು ಬಂದವರನ್ನು ಅಪ್ಪ ಊರ ಹೆಬ್ಬಾಗಿಲಾದ ಅಗಸಿಯಿಂದಲೇ ತಿರುಗಿಸಿ ಕಳಿಸಿದ. ಆಯಿ ಮುಖ ಊದಿಸಿಕೊಂಡಳು.

ನನ್ನ ಹೆದರಿಕೆ ಮಾತ್ರ ಡಾಕ್ಟರ ಮಾತಿಗೆ ಹೋಗಲಿಲ್ಲ. ಬೆಳಗ್ಗೆ ಅವ್ವ ಹಿತ್ತಲಿಗೆ ಹೋದರೆ ಹಿಂದೆಯೇ ಹೋಗಿ, ಅವಳು ಬಾಯಿ ಮುಕ್ಕಳಿಸಿ ಉಗುಳಿದ ಕಡೆ ಬಗ್ಗಿ ನೆಲ ನೋಡುತ್ತಿದ್ದೆ. ಎಷ್ಟೋ ದಿನ ಅವಳಿಗೆ ಗೊತ್ತಾಗಲಿಲ್ಲ. ಒಂದು ದಿನ ಹೊರಳಿ ನೋಡಿದಳು. ಟೊಂಕದ ಮೇಲೆ ಕೈ ಇಟ್ಟುಕೊಂಡು, ಹಲ್ಲು ಕಚ್ಚಿ, ನನ್ನ ಪಕ್ಕದಲ್ಲಿ ತಾನೂ ಬಗ್ಗಿದಳು.

"ಬರೇ ನೀರ ಐತಿ, ನೋಡ," ಅಂದಳು. "ನಾಳಿನೂ ಇಬ್ರೂ ಕೂಡೇ ನೋಡೂಣು."