ಐಸ್ ಫ್ಯಾಕ್ಟರಿಯ ವಿಭೂತಿ

ಗುಂಡ್ಲುಪೇಟೆಯಲ್ಲಿ ಮೀನನ್ನು ಮುಟ್ಟದೆಯೇ ಮೀನಿನಿಂದ ಬದುಕಿದವನೆಂದರೆ ನಮ್ಮ ಗುರುಪಾದಸ್ವಾಮಿ ಒಬ್ಬನೇ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಕೆಲಸ ಮಾತ್ರ ಕೇರಳದ ಮೀನು ಲಾರಿಗಳಿಗೆ ಐಸ್ ಮಾಡುವುದು. ನೆಂಟರು ಆಡಿಕೊಂಡರೆ, "ನಾನು ನೀರ್ನ ಗಟ್ಟಿ ಮಾಡ್ತೀನಿ ಅಷ್ಟೆಯ. ಅದ್ರ ಮ್ಯಾಲೆ ಏನ್ ಮಲಗುಸ್ತಾರೋ ನಂಗ್ಯಾಕ್ಲಾ?" ಎನ್ನುತ್ತಿದ್ದ. ಫ್ಯಾಕ್ಟರಿಯ ಎದುರಿಗೇ ನನ್ನ ಸೋಡಾ ಅಂಗಡಿ. ಐವತ್ತು ವರ್ಷ ಅವನನ್ನು ನೋಡಿದ್ದೇನೆ, ಬೈದಿದ್ದೇನೆ, ಅವನ ಕತೆ ಹೇಳುವ ಹಕ್ಕೂ ನನಗಿದೆ.

ಆ ಮಿಷನ್ನು ಎಪ್ಪತ್ತೆರಡರಲ್ಲಿ ಕೋಯಿಕ್ಕೋಡಿನ ಯಾವುದೋ ಮುಚ್ಚಿದ ಫ್ಯಾಕ್ಟರಿಯಿಂದ ಲಾರಿಯಲ್ಲಿ ಕಾಡು ದಾಟಿ ಬಂದಿತ್ತು. ಆಗಲೇ ಅದಕ್ಕೆ ಮುಪ್ಪು. ಆಳೆತ್ತರದ ಚಕ್ರ, ಎರಡು ಸಿಲಿಂಡರು, ದಪ್ಪ ಬೆಲ್ಟು, ಒಳಗೆ ಅಮೋನಿಯಾ ಗ್ಯಾಸು. ಜೊತೆಗೆ ಬಂದ ಮಲಯಾಳಿ ಮೇಸ್ತ್ರಿ ಇಪ್ಪತ್ತು ವರ್ಷದ ಗುರುಪಾದಣ್ಣನಿಗೆ ಕೆಲಸ ಕಲಿಸಿ ಹೋದ. ವಾಲ್ವ್ ತಿರುಗಿಸುವಾಗೆಲ್ಲ ಆ ಮೇಸ್ತ್ರಿ "ಪತುಕ್ಕೆ, ಪತುಕ್ಕೆ" ಎನ್ನುತ್ತಿದ್ದನಂತೆ, ಮೆಲ್ಲಗೆ ಎಂದರ್ಥ. ಗುರುಪಾದಣ್ಣನಿಗೆ ಬಂದ ಮಲಯಾಳ ಅದೊಂದೇ. ಗ್ಯಾಸ್ ಸೋರುತ್ತಿದೆಯೇ ಎಂದು ತಿಳಿಯಲು ದಿನಾ ಬೆಳಗ್ಗೆ ಗಂಧಕದ ಬತ್ತಿ ಹಚ್ಚಿ ಪೈಪಿನ ಒಂದೊಂದು ಜಾಯಿಂಟಿಗೂ ಹಿಡಿಯುತ್ತಿದ್ದ. ಸೋರಿದ ಕಡೆ ದಟ್ಟ ಬಿಳಿ ಹೊಗೆ ಏಳುತ್ತದೆ. ನೋಡುವವರಿಗೆ ಮಾತ್ರ ಮಿಷನ್ನಿಗೆ ಊದುಬತ್ತಿ ಬೆಳಗಿದ ಹಾಗೆ ಕಾಣುತ್ತಿತ್ತು.

ಸಂತೆಮರಹಳ್ಳಿಯ ಪುಟ್ಟಬಸಮ್ಮ ಅವನನ್ನು ಮದುವೆಯಾಗಿ ಬಂದ ಹೊಸತು. ಬುತ್ತಿ ತಂದವಳು ಪೈಪಿನ ಮೇಲೆ ಬೆಳ್ಳಗೆ ಕೂತಿದ್ದ ಮಂಜು ನೋಡಿದಳು. ಗಂಡ ಬತ್ತಿ ಹಿಡಿದು ಸುತ್ತುತ್ತಿದ್ದಾನೆ. ಪೂಜೆಯೇ ನಡೆದಿದೆ ಎಂದುಕೊಂಡು ತಲೆಗೆ ಸೆರಗು ಹೊದ್ದು, ಮೂರು ಬೆರಳಲ್ಲಿ ಪೈಪು ಸವರಿ ಹಣೆಗೆ ಬಳಿದುಕೊಂಡಳು. ವಿಭೂತಿ ಕರಗಿ ಮೂಗಿನ ಮೇಲೆ ಇಳಿಯಿತು. ಆಳುಗಳೆಲ್ಲ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಗಂಡನೇ. ಒಂದು ತಿಂಗಳು ಅವಳು ಅತ್ತ ತಲೆ ಹಾಕಲಿಲ್ಲ. ಆಮೇಲೆ ಬಂದಾಗೆಲ್ಲ, ಯಾರೂ ನೋಡದಾಗ ಪೈಪಿಗೆ ಅಂಗೈ ಒತ್ತಿ ಹೋಗುತ್ತಿದ್ದಳು. ಆ ಗುರುತಿನ ಮೇಲೆ ಮತ್ತೆ ಮಂಜು ಬೆಳೆಯುವ ತನಕ ಗುರುಪಾದಣ್ಣ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ.

ಮೀನು ಲಾರಿಗಳೇ ಫ್ರಿಡ್ಜ್ ಹೊತ್ತು ಬರತೊಡಗಿದ ಮೇಲೆ ಫ್ಯಾಕ್ಟರಿ ನಿಂತಿತು. ಕೊನೆಯ ದಿನ ಗುರುಪಾದಣ್ಣ ಗ್ಯಾಸನ್ನೆಲ್ಲ ಟ್ಯಾಂಕಿಗೆ ಸೇರಿಸಿ, ವಾಲ್ವ್ ಬಿಗಿದು ಬಂದ. ಮತ್ತೆ ಓಡಿಸುವಾಗ ಬೇಕಲ್ಲ! ಅಲ್ಲಿಂದ ಹನ್ನೊಂದು ವರ್ಷ, ಸಂಬಳವಿಲ್ಲ, ಕೇಳುವವರಿಲ್ಲ, ಪ್ರತಿ ಸೋಮವಾರ ಗಂಧಕದ ಬತ್ತಿ ಹಿಡಿದು ಹಾಜರು. ನಿನಗೆ ತಲೆ ಕೆಟ್ಟಿದೆ ಎಂದು ನಾನು ಬೈದರೆ, "ಸೋರುದ್ರೆ ಬೀದಿಯೋರ್ ಗತಿ ಏನ್ಲಾ?" ಎನ್ನುತ್ತಿದ್ದ. ಅದು ಅರ್ಧ ಸತ್ಯ. ಇನ್ನೊಂದೇ ಒಂದು ಸಲ ಅಲ್ಲಿ ಮಂಜು ಕೂರುವುದನ್ನು ನೋಡಬೇಕೆಂಬ ಆಸೆ ಅವನನ್ನು ಬಿಟ್ಟಿರಲಿಲ್ಲ.

ಹೋದ ತಿಂಗಳು ಮಾಲೀಕರ ಮೊಮ್ಮಗ ರಾಜಶೇಖರ್ ಬಂದ. ಮಿಷನ್ನು ಮತ್ತೆ ಓಡುವಂತಿರಲಿಲ್ಲ, ಅದರ ಮೋಟಾರು ಎಂದೋ ಮಾರಿಹೋಗಿತ್ತು. "ತಾತ, ಗುರುವಾರ ಗುಜರಿಯೋರು ಬತ್ತಾರೆ. ಗ್ಯಾಸ್ ತೆಗಿಯಾಕೆ ನಿಮ್ಮ ಬುಟ್ರೆ ಇನ್ಯಾರ್ಗೂ ಬರಲ್ಲ" ಎಂದ. ಗುರುಪಾದಣ್ಣ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತ. ಕೊಟ್ಟ ಸೋಡಾ ಹಾಗೇ ಇತ್ತು. "ಗ್ಯಾಸ್ನ ಮೆಲ್ಲಗ್ ಬುಟ್ರೆ ಟ್ಯಾಂಕು ತಣ್ಣಗಾಯ್ತದೆ ಕಣ್ಲಾ. ಮಂಜು ಕೂರ್ತದೆ. ಇದೇ ಕಡೇದು. ಅವಳ್ಗೆ ತೋರುಸ್ಬೇಕು" ಎಂದ.

ಪುಟ್ಟಬಸಮ್ಮ ಮಂಡಿನೋವಿನಿಂದ ಮನೆಯ ಹೊಸಿಲು ದಾಟದೆ ಮೂರು ವರ್ಷವಾಗಿತ್ತು. ಮಂಜು ಕಂಡೊಡನೆ ಕರೆತರುವ ಕೆಲಸ ನನ್ನದು. ಬುಧವಾರ ಬೆಳಗ್ಗೆ ಗುರುಪಾದಣ್ಣ ಮುಖಕ್ಕೆ ಒದ್ದೆ ಟವೆಲು ಕಟ್ಟಿ, ನೀರು ತುಂಬಿದ ತೊಟ್ಟಿಯೊಳಕ್ಕೆ ಪೈಪು ಇಳಿಬಿಟ್ಟು ವಾಲ್ವ್ ಸಡಿಲಿಸಿದ. ಗ್ಯಾಸ್ ಗುಳುಗುಳು ಎಂದು ನೀರಿನಲ್ಲಿ ಕರಗಿತು. ಹನ್ನೊಂದು ಗಂಟೆಗೆ ತುಕ್ಕು ಹಿಡಿದ ಟ್ಯಾಂಕು ಬೆಳ್ಳಗಾಯಿತು. ನಾನು ಮೊಪೆಡ್ ಹತ್ತಿ ಓಡಿದೆ.

ಅವಳೋ, "ಉಪ್ಸಾರು ಕುದೀತಾ ಅದೆ, ಇರಪ್ಪ. ಬರಿಗೈಲಿ ಓಗದುಂಟಾ?" ಎಂದಳು.

"ಕರಗೋಯ್ತದೆ ಅತ್ಗೆ!" ಎಂದು ಕೂಗಾಡಿದೆ. ಜಪ್ಪಯ್ಯ ಅನ್ನಲಿಲ್ಲ. ಮುದ್ದೆ ಕಟ್ಟಿ, ಬುತ್ತಿ ಮುಚ್ಚಿಕೊಂಡೇ ಹಿಂದೆ ಕೂತಳು.

ನಾವು ಹೋದಾಗ ಗುರುಪಾದಣ್ಣ ಎರಡೂ ಕೈಯಲ್ಲಿ ವಾಲ್ವ್ ಹಿಡಿದು, ಉಳಿದ ಗ್ಯಾಸನ್ನು ನೂಲೆಳೆಯಷ್ಟೇ ಬಿಡುತ್ತ ಅವಳಿಗಾಗಿ ಉಳಿಸಿಕೊಂಡಿದ್ದ. ಬಾಯಲ್ಲಿ "ಪತುಕ್ಕೆ, ಪತುಕ್ಕೆ." ಟ್ಯಾಂಕಿನ ಅಡಿಯಲ್ಲಿ ಒಂದು ಗೇಣು ಬಿಳುಪು ಉಳಿದಿತ್ತು. ಮಗುಚಿದ್ದ ಐಸ್ ಡಬ್ಬದ ಮೇಲೆ ಅವಳನ್ನು ಕೂರಿಸಿದೆವು.

"ಇನ್ಮ್ಯಾಕೆ ಇದು ಬರಾಕಿಲ್ವಾ?"

"ಇಲ್ಲ ಕಣಮ್ಮಿ."

ಅವಳು ತಲೆಗೆ ಸೆರಗು ಹೊದ್ದಳು. ಮೂರು ಬೆರಳಲ್ಲಿ ಮಂಜು ಸವರಿ ತೆಗೆದು, "ಬಗ್ಗಿ" ಎಂದಳು. ಅವನು ಟವೆಲು ಬಿಚ್ಚಿ ಬಗ್ಗಿದ. ಹಣೆಗೆ ಬಳಿದಳು. ನೀರು ಅವನ ಮೂಗಿನ ಮೇಲೆ ಇಳಿಯಿತು. ಅಂದು ಅಷ್ಟು ಜೋರಾಗಿ ನಕ್ಕವನು ಇಂದು ಒರೆಸಿಕೊಳ್ಳಲೂ ಇಲ್ಲ.